ಬಿ ಬ್ಲಾಕಿನಲ್ಲಿ ಎಲ್ಲರೂ ಕ್ಷೇಮ

ಸೈಕಲಾಜಿಕಲ್ ಥ್ರಿಲ್ಲರ್ ಬರೆಯುವವರಿಗೆ ಮೊದಲು ಒಂದು ದ್ವೀಪ ಬೇಕು. ಸುತ್ತ ನೀರಿರಬೇಕು, ಫೋನಿಗೆ ಸಿಗ್ನಲ್ ಇರಬಾರದು, ಕೂಗಿದರೆ ಕೇಳಲು ನರಪಿಳ್ಳೆಯೂ ಇರಬಾರದು. ಪಾಪ, ಇದನ್ನು ಹುಡುಕಿಕೊಂಡು ಸ್ಕಾಟ್ಲೆಂಡಿನವರೆಗೂ ಹೋಗುತ್ತಾರೆ. ವರ್ತೂರು ಕೋಡಿಯಲ್ಲಿ ಇಳಿದಿದ್ದರೆ ಸಾಕಿತ್ತು. ಅಲ್ಲಿಂದ ಸರ್ಜಾಪುರದವರೆಗೆ ಆಳೆತ್ತರ ಮೀರಿದ ಕಾಂಪೌಂಡು, ಅದರ ಮೇಲೆ ತಂತಿ, ಒಳಗೆ ಇಟಲಿಯ ಊರುಗಳ ಹೆಸರು ಹೊತ್ತ ದ್ವೀಪಗಳು ಸಾಲುಗಟ್ಟಿ ನಿಂತಿವೆ. ನೀರೆಲ್ಲಿ ಸ್ವಾಮಿ ಎನ್ನುವವರು 2022ರ ಸೆಪ್ಟೆಂಬರ್ ಮರೆತಿರಬೇಕು. ಯಮಲೂರಿನ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಮಾಲೀಕರನ್ನು ಹೊರತರಲು ಟ್ರ್ಯಾಕ್ಟರ್, ದೋಣಿ ಬಂದಿದ್ದವು.

ದ್ವೀಪಕ್ಕೆ ಕಾವಲು ಭದ್ರ. ಯಾವ ಸ್ವಿಗ್ಗಿ ಹುಡುಗ ಎಷ್ಟು ಗಂಟೆಗೆ ಬಂದ, ಯಾವ ಕೆಲಸದಾಕೆ ಎಷ್ಟು ನಿಮಿಷ ತಡ, ಎಲ್ಲ ಆಪ್‌ನಲ್ಲಿ ದಾಖಲು. ದಾವಣಗೆರೆಯಿಂದ ರಾತ್ರಿ ಬಸ್ಸಿಗೆ ಬಂದ ಅಮ್ಮನೊಬ್ಬರು ಚಕ್ಕುಲಿ ಡಬ್ಬಿ ಹಿಡಿದು ಬೆಳಗಿನ ಏಳಕ್ಕೆ ಗೇಟಿನಲ್ಲಿ ನಿಂತಿದ್ದಾರೆ ಅಂದುಕೊಳ್ಳಿ.

“ಸಾರ್ ಫೋನ್ ತೆಗೀತಿಲ್ಲ ಅಮ್ಮಾ.”

“ನನ್ ಮಗಳು ಮೇಲೇ ಇದಾಳಲ್ಲಪ್ಪಾ, ಅವಳಿಗೆ ಮಾಡು.”

“ಮೇಡಂ ನಂಬರ್ ಆಪಲ್ಲಿ ಇಲ್ಲ ಅಮ್ಮಾ.”

ಸಾರ್ ಅಮೆರಿಕದವರೊಂದಿಗಿನ ಕಾಲ್ ಮುಗಿಸಿ ಮಲಗಿದ್ದಾರೆ. ಏಳುವವರೆಗೆ ಅತ್ತೆ ಗೇಟಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಇದನ್ನು ಭದ್ರತೆ ಎನ್ನುತ್ತಾರೆ; ಅಸೋಸಿಯೇಷನ್ನಿನ ವಾರ್ಷಿಕ ವರದಿಯಲ್ಲಿ ಇದಕ್ಕೆ ಬೇರೆಯೇ ಪುಟವಿರುತ್ತದೆ. ಹೆಂಡತಿಯ ನಂಬರ್ ಯಾಕಿಲ್ಲ ಎಂದು ಮಾತ್ರ ಯಾವ ಕಾರ್ಯದರ್ಶಿಯೂ ಕೇಳುವುದಿಲ್ಲ. ಅದು ಗಂಡ-ಹೆಂಡಿರ ವಿಷಯ.

ಸಾರ್ ಕೈ ಎತ್ತುವವರಲ್ಲ. ಎಂಟೆಕ್ ಮಾಡಿದವರು. ಅವಳ ಸಂಬಳ ಜಾಯಿಂಟ್ ಖಾತೆಗೆ ಬರುತ್ತದೆ, ಖಾತೆಯ ಓಟಿಪಿ ಅವರ ಮೊಬೈಲಿಗೆ ಬರುತ್ತದೆ. ಅವಳ ಲೊಕೇಶನ್ ಇಪ್ಪತ್ನಾಲ್ಕು ಗಂಟೆಯೂ ಆನ್. ಗೆಳತಿಯರು ಒಬ್ಬೊಬ್ಬರಾಗಿ “ಸರಿಯಿಲ್ಲದವರು” ಆಗುತ್ತಾರೆ. ಆಮೇಲೆ ಅಣ್ಣ ಸರಿಯಿಲ್ಲ, ಕೊನೆಗೆ ನೌಕರಿಯೇ ಸರಿಯಿಲ್ಲ. ಎಲ್ಲ ನಿನ್ನ ಒಳ್ಳೇದಕ್ಕೇ. ಇಂಗ್ಲೆಂಡಿನವರು 2015ರಲ್ಲಿ ಇದನ್ನೇ ಅಪರಾಧ ಎಂದು ಬರೆದು ಐದು ವರ್ಷದವರೆಗೆ ಜೈಲು ಇಟ್ಟರು. ನಮ್ಮ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯೂ ಮಾನಸಿಕ, ಆರ್ಥಿಕ ಹಿಂಸೆಯನ್ನು ಹೆಸರಿಟ್ಟೇ ಹೇಳುತ್ತದೆ. ಆದರೆ ನಮ್ಮಲ್ಲಿ ಇದಕ್ಕೆ ಮೊದಲಿನಿಂದಲೂ ಇರುವ ಹೆಸರು “ಎಷ್ಟು ಕೇರಿಂಗ್ ನೋಡ್ರಿ.”

ಬೆಂಗಳೂರಿಗೆ ಇದು ಐಟಿ ತಂದ ಹೊಸ ಫ್ಯಾಷನ್ನೇನಲ್ಲ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರ ಮೊಮ್ಮಗಳು ಶಾಕಿರಾ ಖಲೀಲಿ ರಿಚ್ಮಂಡ್ ರಸ್ತೆಯ ದೊಡ್ಡ ಬಂಗಲೆಯಲ್ಲಿದ್ದವರು. ರಾಜತಾಂತ್ರಿಕ ಗಂಡನಿಂದ ವಿಚ್ಛೇದನ ಪಡೆದು, 1986ರಲ್ಲಿ ಸ್ವಾಮಿ ಶ್ರದ್ಧಾನಂದ ಎಂಬ ಹೆಸರಿನ ಮುರಳಿ ಮನೋಹರ ಮಿಶ್ರನನ್ನು ಮದುವೆಯಾದರು. ಆಸ್ತಿಯ ತೊಡಕು ಬಿಡಿಸಿಕೊಡುತ್ತೇನೆಂದು ಬಂದವನು ಒಂದೊಂದೇ ಗಂಟು ತನ್ನ ಕೈಗೆ ಸುತ್ತಿಕೊಂಡ: ಜನರಲ್ ಪವರ್ ಆಫ್ ಅಟಾರ್ನಿ, ಉಯಿಲು, ಬ್ಯಾಂಕ್ ಖಾತೆ, ಲಾಕರು. 1991ರ ಮೇ ಕೊನೆಯಲ್ಲಿ ಆಕೆ ಕಾಣೆಯಾದರು. ಮಗಳು ಕೇಳಿದಾಗಲೆಲ್ಲ ಹೊಸ ಊರು. ಒಮ್ಮೆ ಹೈದರಾಬಾದು, ಇನ್ನೊಮ್ಮೆ ನ್ಯೂಯಾರ್ಕಿನ ರೂಸ್‌ವೆಲ್ಟ್ ಆಸ್ಪತ್ರೆ, ಹೆರಿಗೆಗೆ! ಮಗಳು ವಿಚಾರಿಸಿದರೆ ಆ ಆಸ್ಪತ್ರೆಯಲ್ಲಿ ಆ ಹೆಸರಿನವರು ದಾಖಲಾಗಿಯೇ ಇರಲಿಲ್ಲ. ಆತ ಮಾತ್ರ ಅದೇ ಮನೆಯಲ್ಲಿ ವಾಸ, ಅದೇ ಪವರ್ ಆಫ್ ಅಟಾರ್ನಿ ಹಿಡಿದು ಆಸ್ತಿ ಮಾರಾಟ. 1994ರ ಮಾರ್ಚ್‌ನಲ್ಲಿ ಪೊಲೀಸರು ಅಂಗಳ ಅಗೆದರೆ ಮರದ ಪೆಟ್ಟಿಗೆ, ಅದರೊಳಗೆ ಅಸ್ಥಿಪಂಜರ.

ಆ ಪೆಟ್ಟಿಗೆಯನ್ನು ಬಡಗಿ ಮಾಡಿಕೊಟ್ಟಿದ್ದ. ಗುಂಡಿಯನ್ನು ಕೂಲಿಯವರು ತೋಡಿದ್ದರು. ಅವರಿಗೇನು ಗೊತ್ತು, ಹೇಳಿದ ಕೆಲಸ ಮಾಡಿ ಕಾಸು ಎಣಿಸಿಕೊಂಡು ಹೋದರು. ಗೊತ್ತಿರಬೇಕಾದವರು ಸುತ್ತಮುತ್ತಲಿನವರು. ಮೂರು ವರ್ಷ ಸ್ವಾಮೀಜಿ ಹೇಳಿದ ಊರಿನ ಹೆಸರನ್ನೆಲ್ಲ ನಂಬಿ ತಲೆಯಾಡಿಸಿದ ಮರ್ಯಾದಸ್ಥರು. ಸುಪ್ರೀಂ ಕೋರ್ಟ್ 2008ರಲ್ಲಿ ಶ್ರದ್ಧಾನಂದನ ಗಲ್ಲು ತಪ್ಪಿಸಿ, ಸಾಯುವವರೆಗೂ ಬಿಡುಗಡೆಯಿಲ್ಲದ ಜೈಲು ಕೊಟ್ಟಿತು. ಆ ತೀರ್ಪು ಇಂದಿಗೂ ವಕೀಲರ ಬಾಯಲ್ಲಿ ಅವನ ಹೆಸರಿನಿಂದಲೇ ಓಡಾಡುತ್ತಿದೆ. ಮರ್ಯಾದಸ್ಥರಿಗೆ ಯಾವ ಕೋರ್ಟೂ ಸಮನ್ಸ್ ಕೊಡಲಿಲ್ಲ.

2023ರಲ್ಲಿ ಈ ಕಥೆ ಓಟಿಟಿಗೆ ಬಂತು. ವೈಟ್‌ಫೀಲ್ಡಿನ ಫ್ಲಾಟುಗಳಲ್ಲಿ ಜನ ಒಂದೇ ರಾತ್ರಿಗೆ ಎಲ್ಲ ಎಪಿಸೋಡು ಮುಗಿಸಿದರು. ಅಯ್ಯೋ, ಅಷ್ಟು ಓದಿದವಳಿಗೆ ತಿಳಿಯಲಿಲ್ಲವೇ, ನಾನಾಗಿದ್ದರೆ ಮೊದಲ ದಿನವೇ ಗುರುತಿಸುತ್ತಿದ್ದೆ ಎಂದು ಗ್ರೂಪಿನಲ್ಲಿ ಬರೆದರು. ಅದರ ಕೆಳಗೇ ಇನ್ನೊಂದು ಮೆಸೇಜು: ಬಿ ಬ್ಲಾಕ್ ಒಂಬತ್ತನೇ ಮಹಡಿಯಲ್ಲಿ ರಾತ್ರಿ ಹನ್ನೊಂದಕ್ಕೆ ಹೆಂಗಸು ಅಳುವ ಸದ್ದು, ಮಕ್ಕಳ ಪರೀಕ್ಷೆಯಿದೆ, ದಯವಿಟ್ಟು ನಿಶ್ಶಬ್ದದ ವೇಳೆಯನ್ನು ಪಾಲಿಸಿ. ಹದಿನೇಳು ಹೆಬ್ಬೆರಳು ಮೇಲೆದ್ದವು. ಮುಂದಿನ ಚರ್ಚೆ ನಾಯಿಯ ಹೇಸಿಗೆಯದು, ಅದು ಎರಡು ದಿನ ನಡೆಯಿತು.

2025ರಲ್ಲಿ ಮಾರತ್ತಹಳ್ಳಿ ಪಕ್ಕದ ಮುನ್ನೇಕೊಳಲಿನಲ್ಲಿ ವೈದ್ಯೆಯೊಬ್ಬರು ತೀರಿಕೊಂಡಾಗ ಮೊದಲು ಅದು ಅನಾರೋಗ್ಯದ ಸಾವು ಎಂದೇ ಎಲ್ಲರೂ ತಿಳಿದರು. ಆರು ತಿಂಗಳ ಮೇಲೆ ಪ್ರಯೋಗಾಲಯದ ವರದಿಯಲ್ಲಿ ಅರಿವಳಿಕೆ ಔಷಧ ಸಿಕ್ಕಿತು ಎಂದು ವೈದ್ಯನೇ ಆದ ಗಂಡನನ್ನು ಪೊಲೀಸರು ಬಂಧಿಸಿದರು. ಆರೋಪ ಸಾಬೀತಾಗುವುದು ಬಿಡುವುದು ಕೋರ್ಟಿನ ಕೆಲಸ. ಆದರೆ ವಿವಾಹಿತೆಯರ ಮೇಲಿನ ಗಂಡನ ಹಿಂಸೆಯಲ್ಲಿ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕಕ್ಕೆ ಇಡೀ ದೇಶದಲ್ಲಿ ಮೊದಲ ರ‍್ಯಾಂಕ್ ಕೊಟ್ಟಿದೆ, ಶೇ 44.4. ಸ್ಟಾರ್ಟಪ್ಪಿನಲ್ಲಿ ನಾವೇ ಮುಂದು ಎಂದು ಫ್ಲೆಕ್ಸ್ ಹಾಕಿಸುವವರು ಇದಕ್ಕೂ ಒಂದು ಹಾಕಿಸಬಹುದಿತ್ತು.

ಪೀಣ್ಯದ ಗಾರ್ಮೆಂಟ್ಸಿನ ಹೆಣ್ಣುಮಕ್ಕಳ ಎಟಿಎಂ ಕಾರ್ಡೂ ಗಂಡಂದಿರ ಜೇಬಿನಲ್ಲೇ ಇರುತ್ತದೆ, ಅಲ್ಲೇನು ರಾಮರಾಜ್ಯವಿಲ್ಲ. ಆದರೆ ವಠಾರದ ಗೋಡೆ ತೆಳು. ಪಕ್ಕದ ಮನೆಯ ಅಜ್ಜಿ “ಏನ್ಲಾ ಅದು?” ಎಂದು ಬಾಗಿಲು ಬಡಿಯುತ್ತಾಳೆ, ಬೇಕಾದರೆ ಪೊರಕೆಯನ್ನೂ ತರುತ್ತಾಳೆ. ದ್ವೀಪದಲ್ಲಿ ಆ ಅಜ್ಜಿಗೆ ಪ್ರವೇಶವಿಲ್ಲ, ಸೌಂಡ್‌ಪ್ರೂಫ್ ಕಿಟಕಿಗೆ ಚದರಡಿ ಲೆಕ್ಕದಲ್ಲಿ ಹೆಚ್ಚು ಹಣ ಕೊಟ್ಟಾಗಿದೆ. ಅಲ್ಲಿ ಎಲ್ಲ ಗೊತ್ತಿರುವುದು ಒಬ್ಬಳಿಗೇ, ಪಾತ್ರೆ ತೊಳೆಯಲು ಬರುವ ಮಂಜಮ್ಮನಿಗೆ. ಮೇಡಂ ಕೈ ಬಳೆ ಯಾಕೆ ಒಡೆದಿದೆ, ಮೂರು ದಿನದಿಂದ ಅನ್ನ ಯಾಕೆ ಹಾಗೇ ಉಳಿದಿದೆ, ಹೊರಗಡೆ ಬೀಗ ಯಾರು ಹಾಕಿಕೊಂಡು ಹೋಗುತ್ತಾರೆ, ಎಲ್ಲ. ಅವಳಿಗೆ ಬೇರೆ ಲಿಫ್ಟು. ಹೋಗುವಾಗ ಬ್ಯಾಗು ಬಿಚ್ಚಿಸಿ ನೋಡುತ್ತಾರೆ, ಬಾಯಿ ಬಿಚ್ಚಿಸುವವರಿಲ್ಲ.

ಹಾಗಿದ್ದರೂ ಮಂಜಮ್ಮ ಒಂದು ದಿನ ಧೈರ್ಯ ಮಾಡಿ 112ಕ್ಕೆ ಫೋನ್ ಮಾಡಿದಳು ಎನ್ನೋಣ. ಹೊಯ್ಸಳ ಗಾಡಿ ಬಂತು. ಸೆಕ್ಯೂರಿಟಿಯವನು ನಿಯಮ ಬಲ್ಲವನು, ಸಲ್ಯೂಟ್ ಹೊಡೆದು ಗಾಡಿ ನಂಬರು ಬರೆದುಕೊಂಡು, ಆಪ್ ತೆರೆದು ಒಂಬತ್ತನೇ ಮಹಡಿಯ ಸಾರ್‌ಗೆ ಕೇಳುತ್ತಾನೆ: “ಪೊಲೀಸ್ ಬಂದಿದಾರೆ ಸಾರ್, ಬಿಡ್ಲಾ?”