ಟಿಣ್‌ಟಿಣ್ ಮೀಮಾಂಸೆ

ಕಾರು ಎಂದರೇನು ಎಂಬ ಪ್ರಶ್ನೆಗೆ ಪ್ರಾಚೀನರು, ಅಂದರೆ 2019ರ ಜುಲೈಗೆ ಮೊದಲು ಕಾರು ಕೊಂಡವರು, ನಾಲ್ಕು ಚಕ್ರ, ಒಂದು ಎಂಜಿನ್, ಎದುರಿಗೊಬ್ಬ ಗಣಪತಿ ಎಂದು ಲಕ್ಷಣ ಹೇಳುತ್ತಿದ್ದರು. ನವ್ಯರು ಇದನ್ನು ಒಪ್ಪುವುದಿಲ್ಲ. ಮಾಲೀಕನ ಮೇಲೆ ಸದಾ ಆಕ್ಷೇಪ ಎತ್ತುವ, ಆ ಆಕ್ಷೇಪವನ್ನು ಟಿಣ್‌ಟಿಣ್ ಎಂಬ ನಾದದಿಂದ ತಿಳಿಸುವ, ತಿಂಗಳ ಕಂತು ಸರಿಯಾಗಿ ಕಟ್ಟಿದರೂ ಸುಮ್ಮನಾಗದ ವಸ್ತುವೇ ಕಾರು ಎಂಬುದು ಅವರ ಲಕ್ಷಣವಾಕ್ಯ. ಈ ನಾದದ ಉತ್ಪತ್ತಿ, ಪ್ರಯೋಜನ, ಉಪದ್ರವ ಮತ್ತು ಅದರಿಂದ ತಪ್ಪಿಸಿಕೊಳ್ಳಲು ನಮ್ಮ ಜನ ಖರ್ಚು ಮಾಡಿದ ಬುದ್ಧಿ, ಇವು ಪ್ರಸ್ತುತ ಪ್ರಬಂಧದ ವಿಷಯ. ಕೊನೆಯದರ ದಾಸ್ತಾನು ಅಪಾರವಾದ್ದರಿಂದ ಹೆಚ್ಚಿನ ಜಾಗವನ್ನು ಅದೇ ತಿಂದುಹಾಕಿದೆ.

ಮೊದಲು ಕಾಲನಿರ್ಣಯ. 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ತಯಾರಾಗುವ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್, ಮುಂದಿನ ಎರಡೂ ಸೀಟಿಗೆ ಬೆಲ್ಟ್ ನೆನಪಿಸುವ ಸದ್ದು, ವೇಗದ ಎಚ್ಚರಿಕೆ ಮತ್ತು ಹಿಂಬದಿ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾದವು. ಆದ್ದರಿಂದ ಭಾರತೀಯ ಕಾರಿನ ಚರಿತ್ರೆಯನ್ನು ಮೌನಯುಗ, ನಾದಯುಗ ಎಂದು ಎರಡಾಗಿ ಒಡೆಯುವುದು ಯುಕ್ತ. ಮೌನಯುಗದಲ್ಲೂ ರಿವರ್ಸ್ ಗೇರ್ ಹಾಕಿದೊಡನೆ ‘ಸಾರೇ ಜಹಾಂ ಸೆ ಅಚ್ಛಾ’ವನ್ನೋ ‘ಜಿಂಗಲ್ ಬೆಲ್ಸ್’ ಅನ್ನೋ ಇಡೀ ಬೀದಿಗೆ ಕೇಳಿಸುತ್ತಿದ್ದ ಕಾರುಗಳಿದ್ದವಲ್ಲ ಎಂದು ಪೂರ್ವಪಕ್ಷಿ ಕೇಳಬಹುದು. ಆ ಆಕ್ಷೇಪ ನಿಲ್ಲದು. ಅದು ಬೀದಿಗೆ ಕೊಟ್ಟ ಎಚ್ಚರಿಕೆ. ಮಾಲೀಕನನ್ನೇ ಗದರಿಸುವ ಧೈರ್ಯ ಕಾರಿಗೆ ಬಂದದ್ದು ನಾದಯುಗದಲ್ಲಿ.

ಗದರಿಕೆಯ ಮೂಲಕಾರಣವಾದ ಮೂರು ಬಿಂದುವಿನ ಬೆಲ್ಟನ್ನು 1959ರಲ್ಲಿ ಕಾರಿಗೆ ತಂದವನು ಸ್ವೀಡನ್ನಿನ ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್. ಅದಕ್ಕೂ ಮೊದಲು ಆತ ಸಾಬ್ ಕಂಪನಿಯಲ್ಲಿ, ಅಪಾಯ ಬಂದಾಗ ಪೈಲಟ್‌ನನ್ನು ವಿಮಾನದಿಂದ ಆಚೆಗೆ ಚಿಮ್ಮಿಸುವ ಆಸನಗಳ ಮೇಲೆ ಕೆಲಸ ಮಾಡುತ್ತಿದ್ದ. ಮನುಷ್ಯನನ್ನು ಹೊರಗೆಸೆಯುವ ವಿದ್ಯೆಯಲ್ಲಿ ಪಳಗಿದವನೇ ಒಳಗೆ ಕಟ್ಟಿಹಾಕುವ ವಿದ್ಯೆಯನ್ನೂ ಕಂಡುಹಿಡಿದದ್ದು ಗಮನಾರ್ಹ. ವೋಲ್ವೋ ಆ ಪೇಟೆಂಟನ್ನು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟಿತು. ಪುಕ್ಕಟೆ ಸಿಕ್ಕ ವಸ್ತುವಿಗೆ ನಮ್ಮಲ್ಲಿ ಎಷ್ಟು ಮರ್ಯಾದೆಯೋ ಬೆಲ್ಟಿಗೂ ಅಷ್ಟೇ ಸಿಕ್ಕಿತು.

ಬೆಲ್ಟಿನ ವಿಷಯದಲ್ಲಿ ನಮ್ಮ ಚಾಲಕರಲ್ಲಿ ಮೂರು ಮತಗಳಿವೆ. ಶೃಂಗೇರಿ, ಉಡುಪಿ, ಮೇಲುಕೋಟೆ ಮೂರೂ ಒಂದೇ ರಾಜ್ಯದಲ್ಲಿರುವಾಗ ಇದರಲ್ಲಿ ಆಶ್ಚರ್ಯಪಡುವಂಥದ್ದೇನಿಲ್ಲ. ಮೊದಲನೆಯವರು ಅದ್ವೈತಿಗಳು. ಸೀಟಿನಲ್ಲಿ ಕೂತ ಕ್ಷಣವೇ ಬೆಲ್ಟು ಬೇರೆ ತಾನು ಬೇರೆ ಎಂಬ ಭೇದ ಇವರಲ್ಲಿ ಅಳಿಯುತ್ತದೆ. ಇವರಿಂದ ಶಾಸ್ತ್ರಕ್ಕೆ ಏನೂ ಲಾಭವಿಲ್ಲ, ಮುಂದೆ ಹೋಗೋಣ. ಎರಡನೆಯವರು ದ್ವೈತಿಗಳು. ಬೆಲ್ಟು ಮತ್ತು ದೇಹ ನಿತ್ಯಭಿನ್ನ, ಎಂದೆಂದಿಗೂ ಅವೆರಡಕ್ಕೆ ಐಕ್ಯವಿಲ್ಲ ಎಂಬುದು ಇವರ ನಿಲುವು. ಇವರು ಬೆಲ್ಟನ್ನು ಮೊದಲು ಬಕಲ್‌ಗೆ ಸಿಕ್ಕಿಸಿ, ಆಮೇಲೆ ಅದರ ಮೇಲೆ ಒರಗಿ ಕೂರುತ್ತಾರೆ. ಟಿಣ್‌ಟಿಣ್ ನಿಲ್ಲುತ್ತದೆ. ಅಪಘಾತವಾದರೆ ಸೀಟಿಗೆ ಏನೂ ಆಗುವುದಿಲ್ಲ. ಬೆಲ್ಟು ಅದನ್ನು ಭದ್ರವಾಗಿ ಹಿಡಿದುಕೊಂಡಿರುತ್ತದೆ. ಮೂರನೆಯವರು ವಿಶಿಷ್ಟಾದ್ವೈತಿಗಳು. ಐಕ್ಯವುಂಟು, ಆದರೆ ಬಿಳಿ ಅಂಗಿಯ ಟ್ರಾಫಿಕ್ ಪೊಲೀಸರ ದರ್ಶನವೆಂಬ ವಿಶೇಷಣ ಕೂಡಿದಾಗ ಮಾತ್ರ. ಸಿಗ್ನಲ್ ಹತ್ತಿರವಾಗುತ್ತಿದ್ದಂತೆ ಬೆಲ್ಟನ್ನು ಎಳೆದು ಎದೆಗಡ್ಡವಾಗಿ ಕೈಯಲ್ಲೇ ಹಿಡಿದುಕೊಳ್ಳುತ್ತಾರೆ, ದಾಟಿದೊಡನೆ ಬಿಟ್ಟುಬಿಡುತ್ತಾರೆ. ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಸಾವಿರ ರೂಪಾಯಿ ದಂಡವೇ ಇವರ ಪರತತ್ತ್ವ. ಬೆಂಗಳೂರು–ಮೈಸೂರು ಹೆದ್ದಾರಿಗೆ ಕ್ಯಾಮೆರಾಗಳು ಬಂದ ಮೇಲೆ ಈ ಮತ ಬಿಕ್ಕಟ್ಟಿನಲ್ಲಿದೆ. ಕ್ಯಾಮೆರಾ ಬಿಳಿ ಅಂಗಿ ತೊಡುವುದಿಲ್ಲ.

ಈ ಮೂರಕ್ಕೂ ಹೊರಗೆ ನಿಂತವರು ಚಾರ್ವಾಕರು. ಇವರ ಸಾಧನ ಒಂದು ಸಣ್ಣ ಲೋಹದ ಕ್ಲಿಪ್. ಬೆಲ್ಟಿಲ್ಲದ ಬರಿಯ ನಾಲಿಗೆ. ಬಕಲ್ಲಿನೊಳಗೆ ತೂರಿಸಿದರೆ ಸಾಕು, ಬೆಲ್ಟು ಹಾಕಿದ್ದಾರೆಂದು ಕಾರು ನಂಬುತ್ತದೆ. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ತಾಣಗಳಿಗೆ ಆದೇಶ ಕೊಟ್ಟು ಈ ಸರಕನ್ನು ಇಳಿಸಿತು. ಹಾಗೆ ಇಳಿದ ಜಾಹೀರಾತುಗಳು 13,118. ಭಗವದ್ಗೀತೆಗೂ ಇಷ್ಟು ಭಾಷ್ಯಗಳಿರಲಾರವು. ಕೆಲವು ವ್ಯಾಪಾರಿಗಳು ಅದನ್ನು ಬಾಟಲ್ ಓಪನರ್ ಎಂದೂ ಸಿಗರೇಟ್ ಲೈಟರ್ ಎಂದೂ ವೇಷ ಹಾಕಿಸಿ ಮಾರುತ್ತಿದ್ದರು. ಬೆಲ್ಟು ಬೇಡವೆಂದವನಿಗೆ ಬಾಟಲಿಯ ಅನುಕೂಲವನ್ನೂ ಸೇರಿಸಿ ಕೊಟ್ಟ ದೂರದೃಷ್ಟಿಗೆ ಏನನ್ನೋಣ! ಶ್ರಮದ ಲೆಕ್ಕ ನೋಡಿ: ಬೆಲ್ಟು ಎಳೆದು ಸಿಕ್ಕಿಸಲು ಮೂರು ಸೆಕೆಂಡು. ಕ್ಲಿಪ್ಪಿಗಾದರೆ ಮೊಬೈಲಿನಲ್ಲಿ ಹುಡುಕಬೇಕು, ಬೆಲೆ ಹೋಲಿಸಬೇಕು, ಒಟಿಪಿ ಹೇಳಬೇಕು, ಡೆಲಿವರಿ ಹುಡುಗನಿಗೆ ಮನೆಯ ದಾರಿ ವಿವರಿಸಬೇಕು. ಇದರಿಂದ ಪ್ರಬಂಧಕಾರ ತಲುಪುವ ಪ್ರಮೇಯ ಇದು: ಸಾವಿಗೆ ಹೆದರಿದವನು ಬೆಲ್ಟು ಹಾಕುತ್ತಾನೆ, ಪೊಲೀಸರಿಗೆ ಹೆದರಿದವನು ಬೆಲ್ಟು ಹಿಡಿಯುತ್ತಾನೆ, ಬರೀ ಸದ್ದಿಗೆ ಹೆದರಿದವನು ದುಡ್ಡು ಕೊಟ್ಟು ಸದ್ದಡಗಿಸುತ್ತಾನೆ. ನಮ್ಮಲ್ಲಿ ಮೂರನೆಯ ಭಯವೇ ಬಲವತ್ತರ.

ಇದು ನಮ್ಮದೇ ವಿಶೇಷ ಪ್ರತಿಭೆಯೆಂದು ಬೀಗುವಂತಿಲ್ಲ. ಅಮೆರಿಕದಲ್ಲಿ 1974ರ ಮಾದರಿಯ ಕಾರುಗಳು ಮುಂದಿನವರು ಬೆಲ್ಟು ಹಾಕದಿದ್ದರೆ ಸ್ಟಾರ್ಟೇ ಆಗುತ್ತಿರಲಿಲ್ಲ. ಪಕ್ಕದ ಸೀಟಿನಲ್ಲಿ ಸಾಮಾನಿನ ಚೀಲವಿಟ್ಟರೆ ಚೀಲಕ್ಕೂ ಬೆಲ್ಟು, ನಾಯಿ ಕೂತರೆ ನಾಯಿಗೂ ಬೆಲ್ಟು. ಜನ ರೇಗಿದ ರಭಸಕ್ಕೆ ಅದೇ ವರ್ಷ ಅಕ್ಟೋಬರಿನಲ್ಲಿ ಅವರ ಸಂಸತ್ತು ಕಾನೂನು ಮಾಡಿ, ಇಂಥ ಬೀಗವನ್ನು ಕಡ್ಡಾಯ ಮಾಡಕೂಡದು, ಎಚ್ಚರಿಕೆಯ ಸದ್ದನ್ನೂ ಎಂಟು ಸೆಕೆಂಡಿಗಿಂತ ಹೆಚ್ಚು ಹೊತ್ತು ಕಡ್ಡಾಯ ಮಾಡಕೂಡದು ಎಂದು ವಿಧಿಸಿತು. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ದೇಶ ಒಂಬತ್ತನೆಯ ಸೆಕೆಂಡನ್ನು ತಾಳಲಾರದೆ ಹೋಯಿತು.

ಈಗ ಹಲಸಿನ ನ್ಯಾಯ. ನಮ್ಮ ಕಾರುಗಳಲ್ಲಿ ಪಕ್ಕದ ಸೀಟಿನ ಸೆನ್ಸರಿಗೆ ತೂಕ ತಿಳಿಯುತ್ತದೆಯೇ ಹೊರತು ಜಾತಿ ತಿಳಿಯದು. ತೂಬುಗೆರೆಯಲ್ಲಿ ಹಣ್ಣು ಕೊಂಡು ಡಿಕ್ಕಿಯಲ್ಲಿ ಜಾಗವಿಲ್ಲದೆ ಮುಂದಿನ ಸೀಟಿನಲ್ಲಿಟ್ಟು ಹೊರಟ ಕುಟುಂಬವನ್ನು ಕಲ್ಪಿಸಿಕೊಳ್ಳಿ.

“ಏನೋ ಅದು, ಒಂದೇ ಸಮ ಹೊಡ್ಕೋತಿದೆ?” ಹಿಂದಿನ ಸೀಟಿನಿಂದ ಅಜ್ಜಿ.

“ಹಲಸಿನ ಹಣ್ಣಿಗೆ ಬೆಲ್ಟ್ ಹಾಕಿಲ್ಲ ಅಜ್ಜಿ.”

“ಹಾಕೋ ಮತ್ತೆ, ಪಾಪ.”

ಹಣ್ಣಿಗೆ ಬೆಲ್ಟು ಬೀಳುತ್ತದೆ. ಅಜ್ಜಿಗಿಲ್ಲ, ಅಜ್ಜಿಯ ಮಡಿಲಲ್ಲಿ ಕೂತ ಮೊಮ್ಮಗಳಿಗೂ ಇಲ್ಲ. ಯಾಕೆಂದರೆ ಅವರ ಹಳೆಯ ಕಾರಿನಲ್ಲಿ ಹಿಂದಿನ ಸೀಟು ಶಬ್ದ ಮಾಡುವುದಿಲ್ಲ, ಶಬ್ದವಿಲ್ಲದ ಕಡೆ ಅಪಾಯವೂ ಇಲ್ಲ ಎಂಬುದು ಈ ದರ್ಶನದ ಒಳಗಿನ ತರ್ಕ.

ಇಲ್ಲಿ ಒಂದು ಗಳಿಗೆ ಅಣಕವನ್ನು ಬದಿಗಿಡಬೇಕಾಗಿದೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ನಡೆದ ಅಪಘಾತದಲ್ಲಿ ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ತೀರಿಕೊಂಡರು. ಅವರು ಕೂತಿದ್ದದ್ದು ಹಿಂದಿನ ಸೀಟಿನಲ್ಲಿ, ಬೆಲ್ಟು ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ಮುಂದೆ ಕೂತಿದ್ದ ಇಬ್ಬರು ಬದುಕಿದರು. ಹಿಂದೆ ಕೂತವರೂ ಬೆಲ್ಟು ಹಾಕಬೇಕೆಂಬ ನಿಯಮ, ಮೋಟಾರು ವಾಹನ ನಿಯಮಾವಳಿಯ 138(3), ಅದಕ್ಕೂ ಎಷ್ಟೋ ಮೊದಲಿನಿಂದ ಪುಸ್ತಕದಲ್ಲಿತ್ತು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ ಆ ಒಂದು ವರ್ಷದಲ್ಲಿ ಬೆಲ್ಟು ಧರಿಸದೆ ಸತ್ತವರು 16,715 ಮಂದಿ. ಅವರಲ್ಲಿ ಚಾಲಕರು 8,384, ಪ್ರಯಾಣಿಕರು 8,331. ಬೆಲ್ಟು ಚಾಲಕನ ತಲೆನೋವು, ಉಳಿದವರು ಹಾಯಾಗಿ ಕೂರಬಹುದು ಎನ್ನುವವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಮತ್ತೆ ಶಾಸ್ತ್ರಕ್ಕೆ. ಏರ್‌ಬ್ಯಾಗ್ ಎಂಬುದು ಮೌನವ್ರತಿ. ವರ್ಷಗಟ್ಟಲೆ ಬಾಯಿ ಬಿಡದೆ ಇದ್ದು, ಡಿಕ್ಕಿಯಾದಾಗ ಕಣ್ಣು ಮಿಟುಕಿಸುವುದರೊಳಗೆ ಸ್ಫೋಟಿಸಿ ಉಬ್ಬಿ ನಿಲ್ಲುತ್ತದೆ. ಬೆಲ್ಟು ದೇಹವನ್ನು ಹಿಂದಕ್ಕೆ ಹಿಡಿದಿರುತ್ತದೆ ಎಂಬ ಭರವಸೆಯ ಮೇಲೆ ಅದರ ಲೆಕ್ಕಾಚಾರವೆಲ್ಲ ನಿಂತಿದೆ; ಬೆಲ್ಟಿಲ್ಲದೆ ಮುನ್ನುಗ್ಗಿ ಬಂದ ಮುಖಕ್ಕೆ ಅದು ಹೊಡೆತವೇ. ಇನ್ನು ಪಕ್ಕದವರ ಏರ್‌ಬ್ಯಾಗ್ ಅಡಗಿರುವುದು ಡ್ಯಾಶ್‌ಬೋರ್ಡಿನ ಮುಚ್ಚಳದ ಕೆಳಗೆ. ಸರಿಯಾಗಿ ಆ ಮುಚ್ಚಳದ ಮೇಲೆಯೇ ನಾವು ಅಂಟು ಹಾಕಿ ವಿಘ್ನೇಶ್ವರನನ್ನು ಪ್ರತಿಷ್ಠಾಪಿಸುತ್ತೇವೆ. ಮುಚ್ಚಳ ಸಿಡಿದ ಕ್ಷಣ ದೇವರು ಭಕ್ತನ ಕಡೆಗೆ ಧಾವಿಸಿ ಬರುವ ವೇಗ ಯಾವ ಪುರಾಣದಲ್ಲೂ ವರ್ಣಿತವಾಗಿಲ್ಲ. ಮೂರ್ತಿಯನ್ನು ಸ್ವಲ್ಪ ಮಧ್ಯಕ್ಕೆ ಸರಿಸಿದರೂ ಸಾಲದು, ಹಾರದಂಥದ್ದಾಗಿರಬೇಕು. ಚಿಕ್ಕದೊಂದು ಚಿತ್ರಪಟವಾದರೆ ಅತ್ಯುತ್ತಮ. ಹೊರಗಡೆ ಬಂಪರಿನ ಮುಂದೆ ಶೌರ್ಯಕ್ಕಾಗಿ ಉಕ್ಕಿನ ಗಾರ್ಡ್ ಹಾಕಿಸುವವರಿದ್ದಾರೆ. ಡಿಕ್ಕಿಯ ಪೆಟ್ಟು ಸೆನ್ಸರಿಗೆ ತಲುಪುವ ರೀತಿಯನ್ನೇ ಅದು ಕೆಡಿಸುತ್ತದೆ, ಪಾದಚಾರಿಗಳಿಗೂ ಅಪಾಯ ಎಂದು 2017ರ ಡಿಸೆಂಬರಿನಲ್ಲಿ ಸಾರಿಗೆ ಸಚಿವಾಲಯವೇ ರಾಜ್ಯಗಳಿಗೆ ಬರೆದು ತೆಗೆಸಲು ಹೇಳಿತು. ಅಂಗಡಿಯವರಿಗೆ ಆ ಪತ್ರ ತಲುಪಿದಂತಿಲ್ಲ. ಆಯುಧಪೂಜೆಯ ದಿನ ಚಕ್ರದಡಿಯಿಟ್ಟ ನಿಂಬೆಹಣ್ಣಿನ ಬಗ್ಗೆ ಶಾಸ್ತ್ರಕ್ಕೆ ತಕರಾರಿಲ್ಲ. ರಸ್ತೆಯ ನಡುವೆ ಒಡೆದ ಬೂದುಗುಂಬಳಕಾಯಿಯ ಮೇಲೆ ಜಾರಿ ಬೀಳುವ ಸ್ಕೂಟರಿನವರಿಗೆ ಮಾತ್ರ ಇದೆ.

ವೇಗದ ಎಚ್ಚರಿಕೆಗೆ ಬರೋಣ. ಗಂಟೆಗೆ 80 ಕಿಲೋಮೀಟರ್ ದಾಟಿದರೆ ಕಾರು ಆಗಾಗ ಕೆಮ್ಮುತ್ತದೆ, 120 ದಾಟಿದರೆ ನಿಲ್ಲಿಸದೆ ಕೂಗುತ್ತದೆ. ಮೈಸೂರು ಹೆದ್ದಾರಿಯಲ್ಲಿ ಮಿತಿ 100. ಹೀಗಾಗಿ 95ರಲ್ಲಿ ಹೋಗುವ ಸಜ್ಜನ, ಕಾನೂನಿನ ಕಣ್ಣಲ್ಲಿ ನಿರಪರಾಧಿ, ಕಾರಿನ ಕಣ್ಣಲ್ಲಿ ಅಪರಾಧಿ. ಇಂಥ ಕೆಮ್ಮನ್ನು ಕೇಳಿ ಕೇಳಿ ಕಿವಿ ಜಡ್ಡುಗಟ್ಟುತ್ತದೆ, ನಿಜವಾದ ಕೂಗು ಬಂದಾಗಲೂ ಅದೇ ಜಡ್ಡು ಅಡ್ಡ ಬರುತ್ತದೆ. ಇನ್ನು ಕೆಲವು ದುಬಾರಿ ಕಾರುಗಳು ಚಾಲಕನಿಗೆ ಮಂಪರು ಬಂದಿದೆಯೆಂದು ಅನುಮಾನಿಸಿ ಪರದೆಯ ಮೇಲೆ ಹಬೆಯಾಡುವ ಕಾಫಿ ಲೋಟದ ಚಿತ್ರ ತೋರಿಸುತ್ತವೆ. ಕನ್ನಡಿಗನ ಮಟ್ಟಿಗೆ ಸುರಕ್ಷಾ ವಿಜ್ಞಾನದ ಅತ್ಯುಚ್ಚ ಸಾಧನೆ ಇದೇ. ಆದರೆ 2023ರಲ್ಲಿ ಉದ್ಘಾಟನೆಯಾದ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಬೈಪಾಸಿನಲ್ಲಿ ಬಳಸಿ ಹೋಗುತ್ತದೆ. ಕಾರು ಕಾಫಿ ಕುಡಿ ಎನ್ನುತ್ತದೆ, ರಸ್ತೆ ಕಾಫಿ ಸಿಗುವ ಊರಿಗೆ ಬಿಡುವುದಿಲ್ಲ.

ಕ್ಯಾಮೆರಾ, ಸೆನ್ಸರ್‌ಗಳಿಂದ ರಸ್ತೆ ನೋಡಿ ಚಾಲಕನಿಗೆ ನೆರವಾಗುವ ಅಡಾಸ್ ಎಂಬ ಹೊಸ ದರ್ಶನದ ಸಮಸ್ಯೆ ಇನ್ನೂ ಗಹನ. ರಸ್ತೆಯ ಮೇಲೆ ಬಿಳಿ ಗೆರೆ ಇದೆ, ವಾಹನಗಳು ಅದರೊಳಗೆ ಸಾಗುತ್ತವೆ ಎಂಬ ಅಚಲ ನಂಬಿಕೆಯ ಮೇಲೆ ಅದು ಕಟ್ಟಿದ್ದು. ಗುಂಡಿ ತಪ್ಪಿಸಲು ನೀವು ಸ್ಟೀರಿಂಗ್ ಎಡಕ್ಕೆಳೆದರೆ, ಇಂಡಿಕೇಟರ್ ಹಾಕದೆ ಗೆರೆ ದಾಟಿದಿರಿ, ನಿದ್ದೆ ಹೋಗಿದ್ದೀರಿ ಎಂದು ತಿಳಿದು ಅದು ಕೈ ಅಲುಗಾಡಿಸಿ, ಮೆಲ್ಲಗೆ ನಿಮ್ಮನ್ನು ಗುಂಡಿಯ ಕಡೆಗೇ ತಿರುಗಿಸುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತ ಕಾರಿನ ಸ್ಥಿತಿಯಂತೂ ಕರುಣಾಜನಕ: ಎಡಕ್ಕೆ ಸ್ಕೂಟರ್, ಬಲಕ್ಕೆ ಆಟೊ, ಹಿಂದೆ ಬಿಎಂಟಿಸಿ, ಮುಂದೆ ಹೂ ಮಾರುವವರು. ಎಂಟು ದಿಕ್ಕಿನ ಸೆನ್ಸರ್‌ಗಳೂ ಒಟ್ಟಿಗೆ ಬಾಯಿಬಡಿದುಕೊಳ್ಳುತ್ತವೆ. ಜರ್ಮನಿಯಲ್ಲೋ ಜಪಾನಿನಲ್ಲೋ ಅಪಾಯವೆನಿಸಿದ್ದು ನಮ್ಮಲ್ಲಿ ಬೆಳಗಿನ ಒಂಬತ್ತು ಗಂಟೆಯಷ್ಟೇ.

ರಿವರ್ಸ್ ಸೆನ್ಸರ್ ವಿಷಯದಲ್ಲಿ ಮಾತ್ರ ಪ್ರಬಂಧಕಾರ ಸಂಪೂರ್ಣ ಆಧುನಿಕ. ಹಳೆಯ ಪದ್ಧತಿಯಲ್ಲಿ ವಾಚ್‌ಮನ್ ಹಿಂದೆ ನಿಂತು “ಬನ್ನಿ ಸಾರ್, ಬನ್ನಿ, ಬನ್ನಿ” ಎಂದು ಪ್ರೀತಿಯಿಂದ ಕರೆಯುತ್ತಿದ್ದ. ಮೊದಲು ಧಡ್ ಎಂಬ ಸದ್ದು, ಅನಂತರ “ಸ್ಟಾಪ್ ಸಾರ್!” ಎಂಬ ಆದೇಶ. ಸೆನ್ಸರ್ ಈ ಕ್ರಮವನ್ನು ಅದಲುಬದಲು ಮಾಡಿದೆ. ಬ್ರೇಕ್ ಹಾಕಿದಾಗ ಚಕ್ರ ಬಿಗಿದು ಜಾರದಂತೆ ಕಾಯುವ ಎಬಿಎಸ್ ಬಗ್ಗೆ ಒಂದೇ ಮಾತು: ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಪೆಡಲು ಪಾದದಡಿ ನಡುಗಿದರೆ ಏನೋ ಮುರಿಯಿತೆಂದು ಕಾಲೆತ್ತಬೇಡಿ. ಅದು ಕೆಲಸ ಮಾಡುತ್ತಿರುವ ಲಕ್ಷಣ, ಒತ್ತಿಯೇ ಹಿಡಿಯಿರಿ.

ಸಿದ್ಧಾಂತ ಹೀಗಿದೆ. ಊರೊಳಗೆ ಲೇನ್ ಕಾಯುವ ಯಂತ್ರವನ್ನು ಅದರ ಗುಂಡಿಯೊತ್ತಿ ಮಲಗಿಸುವುದರಲ್ಲಿ ದೋಷವಿಲ್ಲ, ಹೆದ್ದಾರಿಯಲ್ಲಿ ಎಬ್ಬಿಸಿಕೊಳ್ಳಿ. ವೇಗದ ಕೆಮ್ಮನ್ನು ರಸ್ತೆಯ ಮಿತಿಗೆ ಹೊಂದಿಸುವ ಕೆಲಸ ಸರಕಾರದ್ದು. ಬೆಲ್ಟಿನ ಟಿಣ್‌ಟಿಣ್ ಮಾತ್ರ ನಿರ್ದೋಷ, ಅದರ ಕಿರಿಕಿರಿಯೇ ಅದರ ಗುಣ. 2025ರ ಏಪ್ರಿಲ್‌ನಿಂದ ಹೊಸ ಕಾರುಗಳಲ್ಲಿ ಹಿಂದಿನ ಸೀಟಿಗೂ ಅದು ಬಂದಿದೆ. ನಿಮ್ಮದು ಹಳೆಯ ಕಾರಾದರೆ ಅದು ಕೂಗಲಿ ಎಂದು ಕಾಯಬೇಡಿ. ಹಿಂದಿನ ಬಕಲ್‌ಗಳು ಎಲ್ಲೂ ಹೋಗಿಲ್ಲ, ಶೋರೂಮಿನವರು ಹಾಕಿಕೊಟ್ಟ ಸೀಟ್ ಕವರಿನ ಕೆಳಗೆ ಮಲಗಿವೆ. ಇವತ್ತು ಸಂಜೆ ಕವರನ್ನು ಎತ್ತಿ, ಮೂರನ್ನೂ ಹೊರಗೆಳೆದಿಡಿ. ಅಜ್ಜಿಗೆ ಕ್ಲಿಕ್ ಅನ್ನಿಸುವುದು ಹೇಗೆಂದು ಒಮ್ಮೆ ತೋರಿಸಿಕೊಡಿ.