ಎಂಬತ್ತೈದು ಸಾವಿರದ ತಂಬೂರಿ

ಕಳೆದ ದಸರೆಯ ರಜೆಯಲ್ಲಿ ನನ್ನ ಭಾವಮೈದುನನು ಬೆಂಗಳೂರಿನಿಂದ ಮೈಸೂರಿನ ನಮ್ಮ ಮನೆಗೆ ಬಿಜಯಮಾಡಿದಾಗ, ಬಾಣಂತಿಯು ಎಳೆಗೂಸನ್ನು ಎದೆಗವಚಿಕೊಂಡು ಬರುವಂತೆ ಅವನು ಹೊತ್ತು ತಂದದ್ದು ಒಂದು ಅಲ್ಯುಮಿನಿಯಂ ಪೆಟ್ಟಿಗೆಯನ್ನು. ಗಾತ್ರದಲ್ಲಿ ನಮ್ಮ ಒಗ್ಗರಣೆ ಡಬ್ಬಿಗಿಂತ ಹೆಚ್ಚಿಲ್ಲದ ಅದರ ಬೆಲೆ 85 ಸಾವಿರ ರೂಪಾಯಿಯೆಂದು ಕೇಳಿ, ಕಾಫಿ ತರುತ್ತಿದ್ದ ನನ್ನ ಪತ್ನಿ ಬಾಗಿಲಲ್ಲೇ ಸ್ತಂಭೀಭೂತಳಾದಳು. ಅದರ ನಾಮಧೇಯ ‘ಡ್ಯಾಕ್’. ಕೇವಲ ಅಂಕೆಗಳ ರೂಪದಲ್ಲಿ ನಿದ್ರಿಸುತ್ತಿರುವ ಹಾಡನ್ನು ಎಬ್ಬಿಸಿ, ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸಿ, ಆಂಪ್ಲಿಫಯರಿನ ವಶಕ್ಕೊಪ್ಪಿಸುವುದು ಅದರ ಕಸುಬು. ಈ ಕಸುಬನ್ನೇ ನಮ್ಮ ಮನೆಯಲ್ಲಿ ಫೋನಿಗೆ ಸಿಕ್ಕಿಸುವ, ಇಲಿಯ ಬಾಲದಷ್ಟುದ್ದದ, 900 ರೂಪಾಯಿಯ ತುಂಡೊಂದು ಬಹುಕಾಲದಿಂದ ತುಟಿಪಿಟಕ್ಕೆನ್ನದೆ ನಡೆಸಿಕೊಂಡು ಬಂದಿತ್ತು.

“ಭಾವ, ಇದರಲ್ಲಿ ಒಂದ್ಸಲ ಕೇಳಿ, ಆಮೇಲೆ ಆ ತುಂಡನ್ನ ನೀವೇ ಬಿಸಾಕ್ತೀರಿ” ಎಂದನು. ಪರೀಕ್ಷೆಗಾಗಿ ಆರಿಸಿದ್ದು ಮಲ್ಲಿಕಾರ್ಜುನ ಮನ್ಸೂರರು ಯೌವನದಲ್ಲಿ ಹಾಡಿದ 78 ಸುತ್ತಿನ ತಟ್ಟೆಯೊಂದರ ಪ್ರತಿ: ಮೂರು ಚಿಲ್ಲರೆ ನಿಮಿಷಗಳ ಗಾಯನ, ಅದರ ಹಿಂದೆ ಆದ್ಯಂತವಾಗಿ ಯಾರೋ ಚಕ್ಕುಲಿ ಕರಿಯುತ್ತಿರುವ ಸದ್ದು. ಹುಣಸೆಹಣ್ಣನ್ನು ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗುವುದೆಂದರೆ ಇದೇ ಎಂದುಕೊಂಡೆನಾದರೂ, ಪೆಟ್ಟಿಗೆಯ ನೀಲಿ ದೀಪ ಹೊತ್ತಿದ ಮರುಕ್ಷಣವೇ ಆ ಕರಿಯುವ ಸದ್ದಿನ ನಡುವಿನಿಂದ ತಂಬೂರಿಯ ನಾಲ್ಕು ತಂತಿಗಳೂ ಬೇರೆಬೇರೆಯಾಗಿ ನನಗೆ ಕೇಳಿಸಿದುವೆಂಬುದನ್ನು ಮುಚ್ಚಿಡಲಾರೆ.

ಆದರೆ ನಾನು ಮೂವತ್ತು ವರ್ಷ ಭೌತಶಾಸ್ತ್ರ ಬೋಧಿಸಿದವನು. ಸುಖದಲ್ಲಿಯೂ ಸಂಶಯ ಬಿಡದು. ವಿಚಾರಿಸಲಾಗಿ, ಅವನ ಪೆಟ್ಟಿಗೆ ಹೊರಡಿಸುವುದು 2 ವೋಲ್ಟು, ನನ್ನ ತುಂಡು 1 ವೋಲ್ಟು. ಎಂದರೆ ಅವನದು 6 ಡೆಸಿಬೆಲ್ ಹೆಚ್ಚು ಗಟ್ಟಿ. ಕಿವಿಯ ಸ್ವಭಾವವೇ ವಿಚಿತ್ರವಾದುದು. ತುಸು ಗಟ್ಟಿಯಾದುದನ್ನು ಅದು ಗಟ್ಟಿಯೆನ್ನದೆ ಸೊಗಸೆನ್ನುತ್ತದೆ. ನೆರೆಮನೆಯ ಎಲೆಕ್ಟ್ರಿಷಿಯನ್ನನಿಂದ ಮಲ್ಟಿಮೀಟರನ್ನು ಎರವಲು ತಂದು, ಎರಡರಲ್ಲಿಯೂ ಒಂದೇ ಸ್ವರವನ್ನು ನುಡಿಸಿ, ಅಂಕಿಗಳು ಸರಿಸಮವಾಗುವವರೆಗೂ ಪೆಟ್ಟಿಗೆಯ ತಿರುಗಣೆಯನ್ನು ಇಳಿಸಿದೆವು. ಆಮೇಲೆ ಹಳೆಯ ಸೀರೆಯೊಂದನ್ನು ಅಡ್ಡಲಾಗಿ ಕಟ್ಟಿ, ಅದರ ಹಿಂದೆ ದಂಟಿನ ಸೊಪ್ಪು ಬಿಡಿಸುತ್ತ ಕುಳಿತ ಪತ್ನಿಗೆ, ಪ್ರತಿಸಲವೂ ನಾಣ್ಯ ಚಿಮ್ಮಿ, ಬಿದ್ದ ಮುಖಕ್ಕನುಸಾರವಾಗಿ ವೈರು ಬದಲಿಸತಕ್ಕದ್ದೆಂದು ವಿಧಿಸಿದೆವು.

ಇಪ್ಪತ್ತು ಸರದಿ. ಕಣ್ಣುಮುಚ್ಚಿ ಊಹಿಸುವವನೂ ಹತ್ತರ ಆಸುಪಾಸು ಸರಿ ಹೇಳುವನಾದುದರಿಂದ, ಹದಿನೈದಾದರೂ ಸರಿಯಾದಲ್ಲಿ ಮಾತ್ರ ಕಿವಿಗೆ ಮಾನ್ಯತೆಯೆಂದು ಗೊತ್ತುಮಾಡಿಕೊಂಡಿದ್ದೆವು. ಅವನು ಧ್ಯಾನಸ್ಥನಾಗಿ, “ಇದು ನನ್ನದೇ, ಗಾಳಿ ಆಡ್ತಿದೆ ನೋಡಿ” ಎಂದಾಗಲೆಲ್ಲ ಸೀರೆಯ ಹಿಂದಿನಿಂದ ಸೊಪ್ಪಿನ ಕಡ್ಡಿ ಲಟಕ್ಕೆನ್ನುತ್ತಿತ್ತೇ ಹೊರತು ಸುಳಿವೊಂದೂ ಹೊರಬೀಳುತ್ತಿರಲಿಲ್ಲ. ಕಟ್ಟಕಡೆಗೆ ಲೆಕ್ಕ ತೆಗೆದರೆ ಅವನದು ಒಂಬತ್ತು, ನನ್ನದು ಹನ್ನೊಂದು.

ಅವನ ಮುಖ ಬಾಡಿತು. ಸಂತೈಸಲೆಂದು ಹೇಳಿದೆ: 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯೇ ಸೆಕೆಂಡಿಗೆ 44,100 ಸಲ ನಾದವನ್ನು ಅಳೆದಿಡುತ್ತದೆ, ಎಳೆಯರ ಕಿವಿಯ ಎಲ್ಲೆಯಾದ 20,000 ಕಂಪನಗಳಿಗೆ ಅಷ್ಟೇ ಧಾರಾಳ, ನನ್ನಂಥ ವೃದ್ಧನ ಕಿವಿಯಂತೂ ಅದಕ್ಕೆ ಬಹಳ ಮೊದಲೇ ಬಾಗಿಲು ಹಾಕಿಕೊಳ್ಳುತ್ತದೆ. ಮೇಯರ್, ಮೊರಾನ್ ಎಂಬ ಅಮೆರಿಕದ ಇಬ್ಬರು 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಉತ್ಕೃಷ್ಟ ಧ್ವನಿಮುದ್ರಣವನ್ನು ಒಮ್ಮೆ ಇದ್ದಂತೆಯೂ ಒಮ್ಮೆ ಸಿಡಿಯ ಮಟ್ಟಕ್ಕಿಳಿಸಿಯೂ ಕೇಳಿಸಿದಾಗ, 554 ಸರದಿಗಳಲ್ಲಿ ಸರಿಯುತ್ತರ ಅರ್ಧಕ್ಕಿಂತ ಕೂದಲೆಳೆಯಷ್ಟು ಕಡಿಮೆ! (ಅಗ್ಗದವೆಲ್ಲವೂ ಸುಗುಣಿಗಳೆಂದು ನನ್ನ ವಾದವಲ್ಲ, ಕೆಲವು ಮನೆಯ ವಿದ್ಯುತ್ತಿನ 50 ಹರ್ಟ್ಸಿನ ಗುಂಯ್‌ಕಾರವನ್ನೂ ಹಾಡಿನೊಡನೆ ಬಡಿಸುವುದುಂಟು. ಅದು ಅಗ್ಗದ ದೋಷಕ್ಕಿಂತ ಹೆಚ್ಚಾಗಿ ಕೆಲಸಗೇಡಿತನದ ದೋಷ.) ಅಷ್ಟು ದುಡ್ಡಿದ್ದರೆ ಸ್ಪೀಕರಿಗೆ ಹಾಕು, ಇಲ್ಲವೆ ಕೋಣೆಗೊಂದು ಜಮಖಾನೆ ಕೊಳ್ಳು, ವ್ಯತ್ಯಾಸ ಕಿವುಡನಿಗೂ ಕೇಳಿಸೀತು ಎಂದೆ. ಅವನು ಮಾತಾಡದೆ ಪೆಟ್ಟಿಗೆಯನ್ನು ವಸ್ತ್ರದಿಂದ ಒರೆಸತೊಡಗಿದನು.

ಇಷ್ಟೆಲ್ಲ ಉಪದೇಶಿಸಿದ ನಾನು, ಅವನು ಊರಿಗೆ ಹೊರಟು ನಿಂತಾಗ, “ದೀಪಾವಳಿಯವರೆಗೆ ಇದು ಇಲ್ಲೇ ಇರಲೋ” ಎಂದು ತಗ್ಗಿದ ದನಿಯಲ್ಲಿ ಕೇಳಿದುದೇಕೆಂದು ನನಗೇ ತಿಳಿಯದು. ಹನ್ನೊಂದೆಂಬ ಅಂಕಿ ಎದುರಿಗಿದ್ದರೂ, ಆ ನೀಲಿ ದೀಪದ ಮುಂದೆ ಕುಳಿತಾಗ ಮನ್ಸೂರರು ಒಂದಡಿ ಹತ್ತಿರ ಬಂದಂತಾಗುತ್ತಿತ್ತು. ನನ್ನ ಪೇಚಾಟವನ್ನು ಗಮನಿಸಿದ ಪತ್ನಿ, “ಪೆಟ್ಟಿಗೆ ಷೆಲ್ಫಿನ ಮೇಲೇ ಇರಲಿ, ದೀಪಾನೂ ಉರೀಲಿ, ವೈರು ಮಾತ್ರ ನಮ್ಮ ತುಂಡಿಗೇ ಇರಲಿ. ಅವನ ಪೆಟ್ಟಿಗೆ ಏನಾದರೂ ಕೆಟ್ಟರೆ ಯಾರು ಕೊಡೋದು ಅಷ್ಟು ದುಡ್ಡು?” ಎಂದು ತಾನೇ ಜೋಡಿಸಿಕೊಟ್ಟಳು.

ಅಂದು ಸಂಜೆ ಹಾಗೆಯೇ ಕೇಳಿದೆ. ತಂಬೂರಿಯ ನಾಲ್ಕು ತಂತಿಗಳೂ ಬೇರೆಬೇರೆಯಾಗಿ ಕೇಳಿಸಿದುವು.