ಮೂರನೇ ಗೇರಿನ ಪ್ರಭಾರಿ

ಗೇರ್‌ಬಾಕ್ಸ್ ಕೆಟ್ಟಿದೆ ಎಂದು ಹೈದರಾಬಾದಿನ ಯಾವ ಗಾಡಿ ಮಾಲೀಕನೂ ಒಪ್ಪಿದ್ದನ್ನು ನಾನು ಕಂಡಿಲ್ಲ. ಇಲ್ಲಿ ಕೆಡುವುದು ಡ್ರೈವರ್ ಮಾತ್ರ. ಎರಡನೇ ಗೇರು ಕಿರುಚಿದರೆ ಅವನ ಕೈ ಒರಟು. ಮೂರನೆಯದು ತಾನಾಗಿ ಹೊರಗೆ ಜಿಗಿದು ನ್ಯೂಟ್ರಲ್ಲಿನಲ್ಲಿ ಕೂತರೆ ಅವನ ಕೈ ಸಡಿಲ. ರಿವರ್ಸ್ ಬೀಳದಿದ್ದರೆ ಅವನಿಗೆ ಮುಂದಾಲೋಚನೆಯೇ ಇಲ್ಲ: ಹಿಂದಕ್ಕೆ ಬರಬೇಕಾದ ಜಾಗಕ್ಕೆ ಗಾಡಿ ಒಯ್ಯಬೇಕಾದರೂ ಯಾಕೆ?

ಕಾಚಿಗುಡದ ಕಡೆ ನಮ್ಮವರೇ ಒಬ್ಬರು ಟೆಂಟ್‌ಹೌಸ್ ನಡೆಸುತ್ತಾರೆ. ಶಾಮಿಯಾನಾ, ಕಬ್ಬಿಣದ ಕಂಬ, ಪ್ಲಾಸ್ಟಿಕ್ ಕುರ್ಚಿ, ಬಿರಿಯಾನಿ ಡೇಗು ಎಲ್ಲವನ್ನೂ ಹೊರುವುದು ಒಂದೇ ಹಳೆಯ ಪಿಕಪ್. ಯಾವ ಕಂಪನಿಯದು ಎಂದು ಕೇಳಬೇಡಿ. ಹಿಂದಿನ ಡಾಲಾದ ಮೇಲಿದ್ದ ಹೆಸರಿನಲ್ಲಿ ಈಗ ಎರಡೇ ಅಕ್ಷರ ಉಳಿದಿವೆ, ಅಷ್ಟರಿಂದ ಯಾರ ಮಾನವೂ ಹೋಗುವುದಿಲ್ಲ. ಎಷ್ಟು ಭಾರ ಹೇರಬೇಕು ಎನ್ನುವುದಕ್ಕೆ ಯಜಮಾನರದೇ ಒಂದು ಅಳತೆಯಿದೆ. ಮೇಲಿನ ಕುರ್ಚಿ ಕೇಬಲ್ ವೈರಿಗೆ ತಾಗುವವರೆಗೂ ಗಾಡಿ ಖಾಲಿ. ಆ ಭಾರದಲ್ಲಿ ಬಂಜಾರಾ ಹಿಲ್ಸ್ ಏರು ಹತ್ತುವಾಗ ಗೇರುಗಳ ಹಲ್ಲಿನ ಮೇಲೆ ಏನು ಬೀಳುತ್ತದೆ ಎಂಬುದು ಅವರ ಲೆಕ್ಕಪುಸ್ತಕದಲ್ಲಿ ಬರುವುದಿಲ್ಲ.

ಬೀದರ್ ಕಡೆಯ ಡ್ರೈವರ್ ಮೊದಲ ದಿನದಿಂದಲೂ ಒಂದು ಮಾತು ಹೇಳುತ್ತಲೇ ಬಂದಿದ್ದ: "ಕ್ಲಚ್ ಪೂರಾ ಬಿಡವಲ್ದರಿ. ಕೆಳಗ ಸ್ಲೇವ್ ಸಿಲಿಂಡರ್ ಸೋರಲಿಕತ್ತದ, ರಬ್ಬರ್ ಕಿಟ್ ಹಾಕಿಸ್ರಿ." ಅವನು ಹೇಳಿದ್ದು ಇಷ್ಟೇ. ಕಾಲಿನಿಂದ ಒತ್ತಿದ ಬಲ ಎಣ್ಣೆಯ ಮೂಲಕ ಈ ಪುಟ್ಟ ಸಿಲಿಂಡರಿಗೆ ಬಂದು, ಅಲ್ಲಿಂದ ಕ್ಲಚ್ ಬಿಡುಗಡೆಯಾಗಬೇಕು. ಎಣ್ಣೆ ಸೋರಿದರೆ ಕ್ಲಚ್ ಅರ್ಧವೇ ಬಿಡುತ್ತದೆ. ಎಂಜಿನ್ ಇನ್ನೂ ಗೇರ್‌ಬಾಕ್ಸನ್ನು ತಿರುಗಿಸುತ್ತಿರುವಾಗಲೇ ಗೇರು ಹಾಕಬೇಕಾಗುತ್ತದೆ. ಒಳಗೆ ಸಿಂಕ್ರೊ ರಿಂಗ್ ಎಂಬ ಹಿತ್ತಾಳೆಯ ಉಂಗುರಗಳಿವೆ. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಭಾಗಗಳ ನಡುವೆ ತಾವು ಉಜ್ಜಿಕೊಂಡು, ವೇಗ ಸಮ ಮಾಡಿ, ಜಗಳವಿಲ್ಲದೆ ಕೂಡಿಸುವುದು ಅವುಗಳ ಉದ್ಯೋಗ. ಪ್ರತಿ ಸಲವೂ ಎಂಜಿನ್ನಿನ ಜೊತೆ ಗುದ್ದಾಡಿ ಅವು ಸವೆದವು. ಅವು ಸವೆದ ಮೇಲೆ ಹಲ್ಲಿಗೆ ಹಲ್ಲು ಬಡಿದು ಹಲ್ಲುಗಳ ಮೊನೆ ಉರುಟಾಯಿತು. ಮೊನೆ ಉರುಟಾದ ಗೇರು ಕಚ್ಚಿ ನಿಲ್ಲುವುದಿಲ್ಲ. ಊಟದ ಬಿಲ್ಲಿಗಿಂತ ಅಗ್ಗವಾದ ಒಂದಿಷ್ಟು ರಬ್ಬರನ್ನು ಉಳಿಸಲು ಯಜಮಾನರು ಇಡೀ ಪೆಟ್ಟಿಗೆಯನ್ನೇ ಬಲಿಕೊಟ್ಟರು. ಅವರ ಭಾಷೆಯಲ್ಲಿ ಇದಕ್ಕೆ ಮೇಂಟೆನೆನ್ಸ್ ಕಂಟ್ರೋಲ್ ಎಂದು ಹೆಸರು.

ಗೇರ್ ಆಯಿಲ್ ಕಥೆಯೂ ಹೀಗೇ. ಬಹುಪಾಲು ಹಳೆಯ ಪಿಕಪ್‌ಗಳ ಗೇರ್‌ಬಾಕ್ಸ್ ಕೇಳುವುದು ಜಿಎಲ್-4 ದರ್ಜೆಯ ಎಣ್ಣೆ. ಯಜಮಾನರು ಜಿಎಲ್-5 ತಂದು ಸುರಿಸಿದರು. ನಾಲ್ಕಕ್ಕಿಂತ ಐದು ದೊಡ್ಡದು, ಇದರಲ್ಲಿ ವಾದಕ್ಕೆ ಏನಿದೆ? ಡಿಫರೆನ್ಷಿಯಲ್ಲಿನ ಭಾರೀ ಒತ್ತಡಕ್ಕೆಂದು ಮಾಡಿದ ಆ ಎಣ್ಣೆಯಲ್ಲಿ ಗಂಧಕ, ರಂಜಕದ ಸಂಯುಕ್ತಗಳು ಹೆಚ್ಚಿರುತ್ತವೆ, ಅವು ಹಿತ್ತಾಳೆಯನ್ನು ತಿನ್ನಬಲ್ಲವು. ಉಳಿದಿದ್ದ ರಿಂಗ್‌ಗಳ ಕಥೆ ಹೀಗೆ ಉತ್ತಮ ದರ್ಜೆಯಲ್ಲೇ ಮುಗಿಯಿತು.

ಅಮೀರ್‌ಪೇಟೆಯ ಮೆಟ್ರೊ ಕಂಬಗಳ ನಡುವೆ ಗಾಡಿ ಓಡಿಸಿದವರಿಗೆ ಯಜಮಾನರ ಮುಂದಿನ ಸಿದ್ಧಾಂತದಲ್ಲಿ ತಪ್ಪು ಹುಡುಕುವುದು ಕಷ್ಟ. "ಈ ಊರಾಗ ಎಷ್ಟ್ ಗೇರ್ ಬೇಕೋ? ಕೋಠಿಯಾಗ ಫಸ್ಟು, ಆಬಿಡ್ಸಿನಾಗ ಸೆಕೆಂಡು, ಪಂಜಗುಟ್ಟದಾಗ ನ್ಯೂಟ್ರಲ್. ನಾಲ್ಕನೇದು ಹಾಕೋ ರಸ್ತೆ ಎಲ್ಲೈತಿ ತೋರ್ಸು." ಡ್ರೈವರ್ ತೋರಿಸಿದ. ಔಟರ್ ರಿಂಗ್ ರೋಡ್, 158 ಕಿಲೋಮೀಟರ್, 120ರ ವೇಗದ ಮಿತಿ. ಶಂಷಾಬಾದ್ ಕಡೆಯ ಮದುವೆಗೆ ಕುರ್ಚಿ ಒಯ್ಯುವಾಗ ಅಲ್ಲಿ ಹಿಂದಿನಿಂದ ಬರುವ ಕಾರುಗಳು ಹಾರ್ನಿನಲ್ಲಿ ಆಡುವ ಬೈಗುಳವನ್ನು ಬಿಡಿಸಿ ಹೇಳಿದ. ಯಜಮಾನರು ತಕ್ಷಣ ಕ್ರಮ ಕೈಗೊಂಡರು. ಇನ್ನು ಮುಂದೆ ಆ ದಾರಿಯಲ್ಲಿ ಹೋಗಕೂಡದು.

ಅಷ್ಟರಲ್ಲಿ ಮೂರನೆಯದು ಜಿಗಿಯತೊಡಗಿತ್ತು. ಆಗ ಬಂದವರು ಮೆಕ್ಯಾನಿಕ್ ಉಸ್ತಾದರು. ಗಾಡಿಯನ್ನು ಒಂದು ಸುತ್ತು ಹಾಕಿ, ಟಯರಿಗೆ ಕಾಲಲ್ಲಿ ಒದ್ದು, ಒಂದು ಇರಾನಿ ಚಹಾ ತರಿಸಿಕೊಂಡು ತೀರ್ಪು ಕೊಟ್ಟರು: "ಡ್ರೈವರ್ ಕಾ ಹಾಥ್ ಬರಾಬರ್ ನೈ ಸಾಬ್." ಯಜಮಾನರಿಗೆ ಪರಮ ಸಂತೋಷ. ಉಸ್ತಾದರಿಗೆ ಗೊತ್ತಿಲ್ಲವೆಂದಲ್ಲ. ಕ್ಲಚ್ ಒತ್ತಿದಾಗ ನಿಲ್ಲುವ ಸದ್ದು ಇನ್‌ಪುಟ್ ಶಾಫ್ಟಿನ ಬೇರಿಂಗಿನದು, ಒತ್ತಿದಾಗ ಹುಟ್ಟುವ ಸದ್ದು ರಿಲೀಸ್ ಬೇರಿಂಗಿನದು ಎಂದು ಕಣ್ಣುಮುಚ್ಚಿ ಹೇಳಬಲ್ಲ ಮನುಷ್ಯ ಅವರು. ಆದರೆ ನಿಜ ಹೇಳಿದರೆ ಪೆಟ್ಟಿಗೆ ಇಳಿಸಬೇಕು, ಇಳಿಸಿದರೆ ರಾಣಿಗಂಜಿನಲ್ಲಿ ಸಾಮಾನು ತರಬೇಕು, ತಂದರೆ ಯಜಮಾನರು ದುಡ್ಡು ಕೊಡಬೇಕು. ಈ ಸರಪಳಿಯ ಕೊನೆಯ ಕೊಂಡಿಯನ್ನು ಬಲ್ಲವರಾದ್ದರಿಂದ ಅವರು ಮೊದಲ ಕೊಂಡಿಯನ್ನೇ ಮುಟ್ಟಲಿಲ್ಲ. ಸೈಕಲ್ ಟ್ಯೂಬಿನ ಪಟ್ಟಿ ಕತ್ತರಿಸಿ, ಗೇರ್ ರಾಡನ್ನು ಡ್ಯಾಶ್‌ಬೋರ್ಡಿನ ಕಡೆಗೆ ಎಳೆದು ಕಟ್ಟಿದರು. ಮೂರನೆಯದು ನಿಂತಿತು. ನಾಲ್ಕನೆಯದು ಬೇಕಾದರೆ ಗಂಟು ಬಿಚ್ಚಬೇಕು, ಅಷ್ಟೆ.

1890ರ ದಶಕದಲ್ಲಿ ಫ್ರಾನ್ಸಿನ ಎಮಿಲ್ ಲೆವಾಸೋರ್ ಜಾರುವ ಗೇರುಗಳ ಪೆಟ್ಟಿಗೆಯನ್ನು ಕಾರಿಗೆ ತಂದಾಗ, ಒರಟು ಹೌದು, ಆದರೆ ನಡೆಯುತ್ತೆ ಎಂದನಂತೆ. ಕನಿಷ್ಠ ಒರಟು ಎಂದು ಒಪ್ಪುವ ಸಂಕೋಚ ಅವನಿಗಿತ್ತು. ನಮ್ಮ ಉಸ್ತಾದರು ಉಳಿದರ್ಧವನ್ನೇ ಹೇಳಿ ಪಾನ್ ಉಗುಳಿದರು.

ಟ್ಯೂಬು ಬೇಸಿಗೆಗೆ ಮೆತ್ತಗಾಗಿ ಹರಿಯಿತು. ಹೊಸ ಟ್ಯೂಬಿಗೆ ಮಂಜೂರಾತಿ ಸಿಗಲಿಲ್ಲ. ಬದಲಿಗೆ ಹುದ್ದೆಯೊಂದು ಸೃಷ್ಟಿಯಾಯಿತು. ಕುರ್ಚಿ ಇಳಿಸುವ ಹುಡುಗ ಮುಂದಿನ ಸೀಟಿನಲ್ಲಿ ಕೂತು, ಡ್ರೈವರ್ "ಹಿಡಿ" ಅಂದಾಗ ರಾಡಿಗೆ ಮೊಣಕಾಲು ಒತ್ತಿ ಹಿಡಿಯಬೇಕು, "ಬಿಡು" ಅಂದಾಗ ಬಿಡಬೇಕು. ಮೂರನೇ ಗೇರಿನ ಪ್ರಭಾರಿ. ಸಂಬಳ ಹೆಚ್ಚಿಸದೆ ಹೆಚ್ಚುವರಿ ಹೊಣೆ ಕೊಡುವ ವಿದ್ಯೆಯನ್ನು ಸಚಿವಾಲಯದವರಷ್ಟೇ ಬಲ್ಲರು ಎಂದು ತಿಳಿದಿದ್ದೆ. ಹುಡುಗ ಮೊಹರಂಗೆ ಊರಿಗೆ ಹೋದರೆ ಆ ವಾರ ಗಾಡಿಗೆ ಮೂರನೇ ಗೇರೂ ರಜೆ.

ಗೇರು ಬದಲಿಸುವುದರಲ್ಲಿ ಈ ಊರಿಗೆ ಪರಂಪರೆ ಇಲ್ಲವೆಂದಲ್ಲ. ಯಜಮಾನರೇ ಎದೆಯುಬ್ಬಿಸಿ ಹೇಳುವ ಆಲ್ವಿನ್ ಕಥೆ ಇದೆ. ನಿಜಾಮರ ಕಾಲದಲ್ಲಿ, 1942ರಲ್ಲಿ ಶುರುವಾದ ಕಾರ್ಖಾನೆ. ಡಬಲ್ ಡೆಕರ್ ಬಸ್ಸಿಗೆ ಮೈ ಕಟ್ಟಿತು, ಫ್ರಿಜ್ ಮಾಡಿತು, ಕೈಗಡಿಯಾರ ಮಾಡಿತು, ಪುಷ್ಪಕ್ ಎಂಬ ಸ್ಕೂಟರ್ ಬಿಟ್ಟಿತು. 1980ರ ದಶಕದಲ್ಲಿ ಜಪಾನಿನ ನಿಸ್ಸಾನ್ ಜೊತೆ ಸೇರಿ ನಮ್ಮ ಬೀದರಿನ ಮಗ್ಗುಲಿಗಿರುವ ಜಹೀರಾಬಾದಿನಲ್ಲಿ ಕ್ಯಾಬ್‌ಸ್ಟಾರ್ ಎಂಬ ಲಘು ಟ್ರಕ್ಕನ್ನೂ ತಯಾರಿಸಿತು. ಕ್ಲಚ್ ಒತ್ತುವ ಗೊಡವೆಗೇ ಹೋಗದೆ ಇಷ್ಟು ಗೇರು ಬದಲಿಸಿದ ಮೇಲೆ, ಟ್ರಕ್ ಮಹೀಂದ್ರದವರ ಕೈಗೆ ಹೋಯಿತು, ಫ್ರಿಜ್ ವೋಲ್ಟಾಸ್‌ನವರ ಪಾಲಾಯಿತು. ಜಹೀರಾಬಾದಿನಲ್ಲಿ ಮಹೀಂದ್ರದವರು ಈಗ ಟ್ರ್ಯಾಕ್ಟರ್ ತಯಾರಿಸುತ್ತಾರೆ. ಆಲ್ವಿನ್‌ನಲ್ಲಿ ಕೂಡ ಡ್ರೈವರುಗಳ ಕೈ ಸರಿಯಿರಲಿಲ್ಲವೇ ಎಂದು ಕೇಳಿದೆ. ಅದು ಬೇರೆ ವಿಷಯ ಎಂದರು.

ಇನ್ನು ಸರ್ಕಾರ. ಬಾಡಿಗೆ ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಫಿಟ್‌ನೆಸ್ ಆಗಬೇಕು. ಹದಿನೈದು ದಾಟಿದವುಗಳ ಶುಲ್ಕವನ್ನು ಕೇಂದ್ರ 2022ರ ಏಪ್ರಿಲ್ 1ರಿಂದ ಹಲವು ಪಟ್ಟು ಏರಿಸಿತು. ಯಜಮಾನರು ಹೊಟ್ಟೆ ಉರಿದುಕೊಂಡೇ ಕಟ್ಟಿದರು, ಕಟ್ಟಿದ್ದಕ್ಕೆ ತಕ್ಕ ಫಲವೂ ಸಿಕ್ಕಿತು. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 62ನೇ ನಿಯಮಕ್ಕೆ ಅಂಟಿಕೊಂಡು ಬಂದ ಹಳೆಯ ತಪಾಸಣಾ ಪಟ್ಟಿಯನ್ನು ಒಮ್ಮೆ ಓದಿ ನೋಡಿ: ಹೆಡ್‌ಲೈಟ್, ರಿಫ್ಲೆಕ್ಟರ್, ಕನ್ನಡಿ, ಗಾಜು, ಹಾರ್ನ್, ಸೈಲೆನ್ಸರ್, ವೈಪರ್, ಹೊಗೆ, ಬ್ರೇಕು, ಸ್ಪೀಡೋಮೀಟರ್, ಸ್ಟೀರಿಂಗ್. ಗೇರ್‌ಬಾಕ್ಸಿನ ಸುದ್ದಿಯೇ ಇಲ್ಲ. ಗಾಡಿ ನಿಲ್ಲಬೇಕು, ಕೂಗಬೇಕು, ಕಾಣಬೇಕು. ಮುಂದಕ್ಕೆ ಹೋಗುವುದು ಅದರ ಖಾಸಗಿ ವಿಚಾರ. ಹೊಸ ರಿಫ್ಲೆಕ್ಟರ್ ಟೇಪ್ ಅಂಟಿಸಿಕೊಂಡ ಪಿಕಪ್ ಎರಡನೇ ಗೇರಿನಲ್ಲಿ ತೆವಳುತ್ತ ಒಳಗೆ ಹೋಗಿ, ಎರಡನೇ ಗೇರಿನಲ್ಲೇ ಫಿಟ್ ಆಗಿ ಹೊರಗೆ ಬಂತು.

ಅದೇ ತಿಂಗಳು ಯಜಮಾನರು ತಮಗೊಂದು ಆಟೋಮ್ಯಾಟಿಕ್ ಕಾರು ಕೊಂಡರು. ಕಾರಣ ಕರುಣಾಜನಕ: ಹೈಟೆಕ್ ಸಿಟಿಯಲ್ಲಿರುವ ಮಗನ ಮನೆಗೆ ಹೋಗಿಬರುವ ಟ್ರಾಫಿಕ್ಕಿನಲ್ಲಿ ಕ್ಲಚ್ ಒತ್ತಿ ಒತ್ತಿ ಎಡ ಮೊಣಕಾಲು ನೋಯುತ್ತದಂತೆ. ಡಾಕ್ಟರೂ ಹೌದೆಂದರಂತೆ. ಈಗ ಅವರ ಎಡಗಾಲು ಕಾರಿನಲ್ಲಿ ಪಿಂಚಣಿಯ ಮೇಲಿದೆ. ಆ ವಿರಾಮದ ಕಾಲನ್ನು ಬಲಗಾಲಿನ ಮೇಲೆ ಹಾಕಿಕೊಂಡು, ಟೆಂಟ್‌ಹೌಸ್ ಕಟ್ಟೆಯ ಮೇಲಿಂದ ಡ್ರೈವರಿಗೆ ಪಾಠ ಹೇಳುತ್ತಾರೆ: "ಹಾಫ್ ಕ್ಲಚ್ ಹೊಡಿಬ್ಯಾಡ, ಎಡಗಾಲು ಹಗುರ ಇಡು."

ಡ್ರೈವರ್ ಮಾತಾಡುವುದಿಲ್ಲ. ಅವನು ಈಗ ಡಬಲ್ ಕ್ಲಚ್ ಹೊಡೆಯುತ್ತಾನೆ. ಒಮ್ಮೆ ಒತ್ತಿ ನ್ಯೂಟ್ರಲ್‌ಗೆ ತಂದು ಬಿಡುವುದು, ಆಕ್ಸಿಲರೇಟರ್ ಕೊಟ್ಟು ಎಂಜಿನ್ನಿನ ವೇಗವನ್ನು ಕಿವಿಯಲ್ಲೇ ಅಳೆಯುವುದು, ಮತ್ತೆ ಒತ್ತಿ ಕೆಳಗಿನ ಗೇರಿಗೆ ತಳ್ಳುವುದು. ಸಿಂಕ್ರೊ ರಿಂಗ್ ಮಾಡಬೇಕಾದ ಕೆಲಸವನ್ನು ಅವನ ಕಿವಿ ಮತ್ತು ಪಾದ ಸೇರಿ ಮಾಡುತ್ತವೆ. 1932ರಲ್ಲಿ ನಿಜಾಮರ ಸರ್ಕಾರ 27 ಬಸ್ಸುಗಳಿಂದ ರಸ್ತೆ ಸಾರಿಗೆ ಆರಂಭಿಸಿದಾಗ ಚಾಲಕರು ಬಸ್ಸು ಓಡಿಸುತ್ತಿದ್ದದ್ದು ಹೀಗೇ. ಅದಕ್ಕೂ ಮೊದಲೇ, 1928ರಲ್ಲಿ, ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಸಿಂಕ್ರೊಮೆಶ್ ಬಂದಾಗಿತ್ತು. ಹೆಚ್ಚುಕಡಿಮೆ ನೂರು ವರ್ಷದ ಎಂಜಿನಿಯರಿಂಗನ್ನು ಅಳಿಸಿ ಹಾಕಲು ಒಂದು ರಬ್ಬರ್ ಕಿಟ್ ಮತ್ತು ಒಬ್ಬ ಜಿಪುಣ ಸಾಕಾದರು. ಇಷ್ಟಾದರೂ ಒಂದು ದಿನವೂ ಮದುವೆಗೆ ಶಾಮಿಯಾನಾ ತಡವಾಗಿ ಮುಟ್ಟಲಿಲ್ಲ. ತಡವಾಗಿದ್ದರೆ ಬಹುಶಃ ಗೇರ್‌ಬಾಕ್ಸ್ ಎಂದೋ ರಿಪೇರಿಯಾಗುತ್ತಿತ್ತು.

ಕೊನೆಗೆ ಮಾರುವುದೆಂದಾಯಿತು. ಉಸ್ತಾದರು ಮತ್ತೆ ಬಂದರು, ಈ ಸಲ ಒಂದು ಚೀಲ ಮರದ ಹೊಟ್ಟಿನೊಂದಿಗೆ. ಗೇರ್ ಆಯಿಲಿಗೆ ಹೊಟ್ಟು ಬೆರೆಸಿದರೆ ಹಲ್ಲುಗಳ ಕೂಗು ಕೆಲವು ದಿನ ಅಡಗುತ್ತದೆ. ಸೆಕೆಂಡ್‌ಹ್ಯಾಂಡ್ ದಂಧೆಯವರು ಲೋಕದಾದ್ಯಂತ ಬಲ್ಲ ಪುರಾತನ ಔಷಧಿ ಇದು. ಬಾಳೆಹಣ್ಣೂ ನಡೆಯುತ್ತದೆ ಎನ್ನುವವರಿದ್ದಾರೆ.

ಕೊಳ್ಳಲು ಬಂದಾತ ಸಂಗಾರೆಡ್ಡಿಯ ತರಕಾರಿ ವ್ಯಾಪಾರಿ, ಜಾಣ. ಟ್ರಯಲ್ ನೋಡಬೇಕೆಂದ. ಯಜಮಾನರು ಕೀಲಿಯನ್ನು ಅವನ ಕೈಗೆ ಕೊಡಲಿಲ್ಲ. "ನಮ್ಮ ಹುಡುಗ ಓಡಸ್ತಾನ, ನೀವು ಬಾಜೂಕ ಕೂತು ನೋಡ್ರಿ" ಎಂದರು. ಪ್ರಭಾರಿ ಹುಡುಗನನ್ನು ಆ ಹೊತ್ತಿಗೆ ಚಹಾ ತರಲು ಕಳಿಸಲಾಗಿತ್ತು. ಕಾಚಿಗುಡದಿಂದ ಬರ್ಕತ್‌ಪುರಾದವರೆಗೆ ಹೋಗಿ ಬಂದರು. ಒಂದು ಕಿರುಚಾಟವಿಲ್ಲ, ಒಂದು ಜಿಗಿತವಿಲ್ಲ. ಮೂರನೆಯದು ಡ್ರೈವರನ ಮೊಣಕಾಲಿನ ಮರೆಯಲ್ಲಿ ಮಗುವಿನ ಹಾಗೆ ಮಲಗಿತ್ತು. ವ್ಯಾಪಾರಿ ಇಳಿದು ಬಂದು, ಗಾಡಿಯ ರೇಟಿನ ಮಾತೆತ್ತುವ ಮೊದಲು, ಈ ಡ್ರೈವರನ್ನೂ ಕೊಡುತ್ತೀರಾ ಎಂದು ಕೇಳಿದ. ತಿಂಗಳಿಗೆ ಎರಡು ಸಾವಿರ ಹೆಚ್ಚು ಕೊಡುತ್ತೇನೆಂದ.

ಯಜಮಾನರು ಕುರ್ಚಿ ಬಿಟ್ಟು ಎದ್ದೇಬಿಟ್ಟರು. ಗಾಡಿಗೆ ಐದು ಸಾವಿರ ಬೇಕಾದರೆ ಬಿಡುತ್ತೇನೆ, ಆ ಮಾತೊಂದು ಎತ್ತಬೇಡಿ ಎಂದರು. ಅಷ್ಟು ಹೊತ್ತಿಗಾಗಲೇ ಅವರು ಆಟೋನಗರದಲ್ಲಿ ಇನ್ನೊಂದು ಪಿಕಪ್ ನೋಡಿ ಅಡ್ವಾನ್ಸ್ ಕೊಟ್ಟಾಗಿತ್ತು. ಅದರಲ್ಲಿ ಮೂರನೆಯದು ಗಟ್ಟಿಯಾಗಿ ನಿಲ್ಲುತ್ತದಂತೆ. ರಿವರ್ಸ್ ಇಲ್ಲ.